ಹಂದಿ ಭುಜದ ಮಾಂಸ ಎರಡೂವರೆ ತಾಸು ಬೇಯಿಸಿದರೂ ಮೆತ್ತಗಾಗ್ತಿಲ್ಲ, ಯಾಕೆ?

ವಿದ್ಯಾನಗರದವ (ದಾವಣಗೆರೆ):
ನಮಸ್ಕಾರ. ಮೂಳೆ ತೆಗೆಸಿದ ಭುಜದ ಮಾಂಸ ಒಂದು ಕೆಜಿ ತಂದಿದ್ದೆ. ಬೇರೆ ಭಾಗಕ್ಕಿಂತ ಅಗ್ಗ, ಅದಕ್ಕೇ ತಂದದ್ದು. ದಪ್ಪ ತಳದ ಪಾತ್ರೆ, ಮುಳುಗುವಷ್ಟು ನೀರು, ಎರಡೂವರೆ ತಾಸು ಒಲೆ ಮೇಲೆ. ಹೊರಗೆ ಒಣ ಒಣ, ಒಳಗಿನ ಬಿಳಿ ಪೊರೆ ರಬ್ಬರ್ ಹಾಗೆ ಹಲ್ಲಿಗೆ ಸಿಗುತ್ತದೆ. "ಜಾಸ್ತಿ ಬೆಂದು ಗಟ್ಟಿಯಾಗಿದೆ" ಅಂತ ನಮ್ಮತ್ತೆ ತೀರ್ಪು ಕೊಟ್ಟಿದ್ದಾರೆ. ನಿಜವಾ? ಮನೆಯಲ್ಲಿ ಕರೆಂಟಿನ ಸ್ಲೋ ಕುಕ್ಕರ್ ಕೂಡ ಇದೆ. ಆದರೆ ಮಧ್ಯೆ ಕರೆಂಟ್ ಹೋದರೆ ಏನು ಗತಿ ಅಂತ ಮುಟ್ಟಿಲ್ಲ.

ದುರ್ಗದ ಒಲೆ:
ಮೊದಲು ಮೂರು ವಿಷಯ ಹೇಳಿ. ತುಂಡು ಎಷ್ಟು ದೊಡ್ಡದು? ಕುದಿ ಹೇಗಿತ್ತು? ಉಳಿದ ಸಾರು ಫ್ರಿಜ್ಜಿನಲ್ಲಿ ಗಟ್ಟಿಯಾಯ್ತಾ?

ವಿದ್ಯಾನಗರದವ:
ಮುಷ್ಟಿಯಷ್ಟು ದೊಡ್ಡ ತುಂಡು. ಕೊತಕೊತ ಕುದೀತಾನೇ ಇತ್ತು. ಸಾರಿನ ಮೇಲೆ ಬೆಳ್ಳಗೆ ಕೊಬ್ಬು ಕಟ್ಟಿದೆ, ಕೆಳಗೆ ಬರೀ ನೀರು.

ದುರ್ಗದ ಒಲೆ:
ಹಾಗಾದರೆ ಜಾಸ್ತಿ ಅಲ್ಲ ಸರ್, ಇನ್ನೂ ಬೆಂದೇ ಇಲ್ಲ. (ಅತ್ತೆಯವರಿಗೆ ನೀವೇ ನಿಧಾನಕ್ಕೆ ಹೇಳಿ, ನನ್ನ ಹೆಸರು ಬೇಡ.)

ಹಂದಿ ದಿನವಿಡೀ ಮುಂಗಾಲಿನ ಮೇಲೆ ಭಾರ ಹಾಕಿ ನಡೆಯುತ್ತದೆ. ಅದಕ್ಕೇ ಭುಜದಲ್ಲಿ ಕೊಲಾಜೆನ್ ಜಾಸ್ತಿ. ನಿಮ್ಮ ಹಲ್ಲಿಗೆ ಸಿಕ್ಕ ಬಿಳಿ ಪೊರೆ ಅದೇ. ಮಾಂಸದ ಒಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಚುರುಕಾಗಿ ಕರಗಿ ಜೆಲಟಿನ್ ಆಗುತ್ತದೆ. ಎಳೆ ಎಳೆಯಾಗಿ ಬಿಡಬೇಕು ಅಂದರೆ ಒಳಗೆ 90ರಿಂದ 95 ಡಿಗ್ರಿವರೆಗೆ ಹೋಗಬೇಕು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಲೂ ಬೇಕು. ನಡುವಿನ ಹೊತ್ತಿನಲ್ಲಿ ನಾರು ಬಿಗಿದು ರಸ ಬಿಟ್ಟುಕೊಟ್ಟಿರುತ್ತದೆ, ಪೊರೆ ಮಾತ್ರ ಕರಗಿರುವುದಿಲ್ಲ. ನೀವು ಒಲೆ ಆರಿಸಿದ್ದು ಸರಿಯಾಗಿ ಅಲ್ಲೇ.

ಪೊರೆ ಚೆನ್ನಾಗಿ ಕರಗಿದ್ದರೆ ತಣ್ಣಗಾದ ಸಾರು ಜೆಲ್ಲಿ ಥರ ನಡುಗುತ್ತದೆ. ನೀರು ಜಾಸ್ತಿ ಹಾಕಿದರೂ ಗಟ್ಟಿಯಾಗುವುದಿಲ್ಲ ಅನ್ನಿ. ಹಾಗಾಗಿ ಮುಂದಿನ ಸಲ ತುಂಡಿನ ಅರ್ಧ ಎತ್ತರಕ್ಕಷ್ಟೇ ನೀರು ಸಾಕು. ಹಿಂದಿನ ರಾತ್ರಿಯೇ ಉಪ್ಪು ಹಚ್ಚಿ ಫ್ರಿಜ್ಜಿನಲ್ಲಿಡಿ. ಮುಚ್ಚಳ ಬಿಗಿಯಾಗಿರಲಿ, ಒಂದೆರಡು ಗುಳ್ಳೆ ಮಾತ್ರ ಏಳುವಷ್ಟು ಉರಿ ಇರಲಿ. ಮೂರೂವರೆ, ನಾಲ್ಕು ತಾಸು ಹಿಡಿಯಬಹುದು. ಗಡಿಯಾರ ನೋಡಬೇಡಿ. ಫೋರ್ಕ್ ಚುಚ್ಚಿ ತಿರುವಿ: ತುಂಡೇ ಜೊತೆಗೆ ತಿರುಗಿದರೆ ಇನ್ನೂ ಬೇಯಬೇಕು, ಎಳೆ ಬಿಟ್ಟುಕೊಂಡರೆ ಆಯ್ತು.

ಈಗಿರುವ ತುಂಡುಗಳನ್ನು ಎಸೆಯಬೇಡಿ. ಅದೇ ಸಾರಿನಲ್ಲಿ ಮತ್ತೆ ಬೇಯಲು ಇಡಿ.

ಮಂಡಕ್ಕಿ ಮೆಣಸಿನಕಾಯಿ:
ಇಷ್ಟೆಲ್ಲಾ ಯಾಕೆ ಗುರು? ಪ್ರೆಶರ್ ಕುಕ್ಕರಿನಲ್ಲಿ ಮುಕ್ಕಾಲು ತಾಸು. ಒಳಗೆ 120 ಡಿಗ್ರಿ ಹತ್ತಿರ ಬಿಸಿ ಇರುತ್ತದೆ, ಪೊರೆ ಕರಗಲೇಬೇಕು. ಗ್ಯಾಸೂ ಉಳಿತಾಯ.

ದುರ್ಗದ ಒಲೆ:
ಸಾರಿಗಾದರೆ ನಾನೂ ಕುಕ್ಕರೇ ಇಡುತ್ತೇನೆ. ರೊಟ್ಟಿಗೆ ಎಳೆ ಎಳೆಯಾಗಿ ಬಿಡಿಸಿ ತಿನ್ನೋದಾದರೆ ನಿಧಾನ ಬೆಂದದ್ದರ ರುಚಿ ನನಗೆ ಹೆಚ್ಚು. ಕುಕ್ಕರಿನದಾದರೆ ಪ್ರೆಶರ್ ತಾನಾಗೇ ಇಳಿಯಲಿ. ಸೀಟಿ ಎತ್ತಿ ಆವಿ ಬಿಟ್ಟರೆ ಒಳಗೆ ಜೋರಾಗಿ ಕುದ್ದು ಮಾಂಸ ಒಣಗುತ್ತದೆ.

ಹರಿಹರದಕ್ಕ:
ಸ್ಲೋ ಕುಕ್ಕರ್ ವಿಷಯ ನಾನು ಹೇಳುತ್ತೇನೆ. ಫ್ರೀಜರಿನಿಂದ ತೆಗೆದ ಗಡ್ಡೆಯನ್ನು ಹಾಗೇ ಹಾಕಬೇಡಿ, ಬಿಸಿ ಏರುವುದು ತಡವಾಗುತ್ತದೆ. ಭುಜಕ್ಕೆ 'ಲೋ'ನಲ್ಲಿ ಎಂಟು ತಾಸು, 'ಹೈ'ನಲ್ಲಿ ಐದು ತಾಸು ಲೆಕ್ಕ ಇಟ್ಟುಕೊಳ್ಳಿ. ಸುಮ್ನೆ ಸುಮ್ನೆ ಮುಚ್ಚಳ ತೆಗೆಯಬೇಡಿ. ಮನೆಯಲ್ಲಿ ಇರುವಾಗ ಕರೆಂಟ್ ಹೋದರೆ ತಕ್ಷಣ ಪಾತ್ರೆಗೆ ಸುರಿದು ಗ್ಯಾಸಿನ ಮೇಲೆ ಮುಗಿಸಿ. ಮಣ್ಣಿನ ಒಳಪಾತ್ರೆಯನ್ನು ಮಾತ್ರ ಉರಿ ಮೇಲೆ ಇಡಬೇಡಿ, ಸೀಳುತ್ತದೆ. ನೀವು ಹೊರಗಿದ್ದು, ಅರ್ಧ ಬೆಂದದ್ದು ಎಷ್ಟು ಹೊತ್ತು ತಣ್ಣಗಿತ್ತೋ ಗೊತ್ತಿಲ್ಲ ಅಂದರೆ ಎಸೆದುಬಿಡಿ. ನಮ್ಮ ಕಡೆ ಬೇಸಿಗೆ ಹೇಗಿರುತ್ತೆ ಅಂತ ಹೇಳಬೇಕಾ? ಹಂದಿ ಮಾಂಸ ಒಳಗೆ ಕೆಂಪಗೆ ಉಳಿಯುವುದೂ ಬೇಡ, ಲಾಡಿಹುಳದ ಭಯ ಇದೆ.

ವಿದ್ಯಾನಗರದವ:
ಅಕ್ಕಾ, ಸರ್, ಥ್ಯಾಂಕ್ಸ್. ಹಳೇ ತುಂಡುಗಳನ್ನೇ ಮತ್ತೆ ಒಲೆ ಮೇಲಿಟ್ಟೆ, ಸಣ್ಣ ಉರಿ. ಈಗ ಫೋರ್ಕ್ ತಿರುವಿದರೆ ಎಳೆ ಬಿಡುತ್ತಿದೆ. ಅಂಚು ಸ್ವಲ್ಪ ಒಣಗಿದ್ದು ಹಾಗೇ ಇದೆ, ಆದರೆ ಪೊರೆ ಕರಗಿದೆ. ಕಾಚಂಪುಳಿ (ಕೊಡಗಿನವರು ಹಂದಿ ಮಾಂಸಕ್ಕೆ ಹಾಕುವ ಕಪ್ಪು ಹುಳಿ) ಇಲ್ಲ, ಹುಣಸೆ ಹುಳಿ ನಡೆಯುತ್ತಾ? ಯಾವಾಗ ಹಾಕಲಿ?

ದುರ್ಗದ ಒಲೆ:
ನಡೆಯುತ್ತದೆ. ಕಾಚಂಪುಳಿಯ ಕಪ್ಪು ಬಣ್ಣ ಮಾತ್ರ ಬರುವುದಿಲ್ಲ. ಮಾಂಸ ಎಳೆ ಎಳೆಯಾಗಿ ಬಿಡಿಸಿ, ಸಾರು ಬತ್ತಿಸಿ, ಕೊನೆಗೆ ಹಾಕಿ. ಉಪ್ಪು ಅದಾದ ಮೇಲೆ ನೋಡಿ.