ಸಹಾಯ ಬೇಕು: ಓಕ್ ಪೀಪಾಯಿ ಹಲಗಿ ಜೋಡಣಿ ನಿಲ್ಲವಲ್ದು

ಎಲ್ಲರಿಗೂ ಶರಣ್ರಿ. ಕಲಬುರಗಿಯಾಗ ಬಡಿಗತನ ಮಾಡ್ತೀನಿ. ವಿಸ್ಕಿ ತುಂಬಿಡ್ತಿದ್ದ ಎರಡು ಹಳೇ ಓಕ್ ಪೀಪಾಯಿ ಗುಜರಿಯಾಗ ಸಿಕ್ಕಾವ, ಅಪ್ಪಗ ಆರಾಮ ಕುರ್ಚಿ ಮಾಡ್ಲಿಕತ್ತೀನಿ. ಕಟಗಿ ಭಾಳ ಚಂದ ಅದ, ರಂದಾ ಹೊಡದ್ರ ಇನ್ನೂ ಘಮ ಬರ್ತದ. ಕಬ್ಬಿಣದ ಪಟ್ಟಿ ಕುಂತಲ್ಲಿ ಕರ್ರಗಾಗಿತ್ತು, ಆಕ್ಸಾಲಿಕ್ ಆಮ್ಲ ಹಚ್ಚಿ ತೊಳದೆ, ಹೋಯ್ತು.

ಆದ್ರ ಬೆನ್ನಿನ ಹಲಗಿ ಜೋಡಿಸಿದ್ದು ಎರಡು ಸಲ ಬಿಟ್ಟದ. ಮೊದಲ ಅಂಟು ಹಚ್ಚಿ ಕ್ಲಾಂಪ್ ಹಾಕಿ ಒಂದು ದಿನ ಇಟ್ಟೆ. ಆಮ್ಯಾಲ ಮರದ ಗೂಟಾನೂ ಬಡದೆ. ವರ್ಷಗಟ್ಟಲೆ ನೆನದ ಕಟಗಿ, ನಮ್ಮ 40 ಡಿಗ್ರಿ ಬಿಸಲಿಗೆ ಕುಗ್ಗತದ ಅಂತ ಗೊತ್ತು. ಬಿಸಲಾಗ ಒಣಗಿಸಿದ್ರ ಸೀಳತದ. ನೆರಳಾಗ ಎಷ್ಟು ದಿನ ಇಡಬೇಕೋ ತಿಳೀವಲ್ದು.

ಹಲಗಿ ಬಿಚ್ಚಿದ ಮ್ಯಾಲ ತೇವ ಎಷ್ಟು ಪರ್ಸೆಂಟಿಗೆ ಇಳದಾಗ ಅಂಟು ಹಚ್ಚಬೇಕು? ಅದಕ್ಕ ನೆರಳಾಗ ಎಷ್ಟು ದಿನ ಬೇಕು? ಮಾಡಿದವರು ದಯಮಾಡಿ ಹೇಳ್ರಿ.