ಟಿಎಂಎ (ಟವರ್ ಮೇಲೆ ಆಂಟೆನಾ ಪಕ್ಕ ಕೂರುವ ಆಂಪ್ಲಿಫೈಯರ್) ಹಾಕಿದ ಮೇಲೆ ಆರ್‌ಎಸ್‌ಎಸ್‌ಐ (ರೇಡಿಯೋಗೆ ಬಂದು ತಲುಪುವ ಒಟ್ಟು ಬಲ) ಏರಿದೆ, ಎಲ್‌ಎನ್‌ಎ (ಟಿಎಂಎ ಒಳಗಿನ ಕಡಿಮೆ ನಾಯ್ಸ್‌ನ ಆಂಪ್ಲಿಫೈಯರ್) ಕೆಟ್ಟಿದೆಯಾ?

ಫೀಡರ್_ತುದಿ:
900 ಮೆಗಾಹರ್ಟ್ಸ್ ಬ್ಯಾಂಡ್‌ನ ಎಲ್‌ಟಿಇ (4ಜಿ), 5 ಮೆಗಾಹರ್ಟ್ಸ್ ಕ್ಯಾರಿಯರ್. ರೇಡಿಯೋ ಕೆಳಗೆ ಶೆಲ್ಟರ್‌ನಲ್ಲಿ, ಅದರ ನಾಯ್ಸ್ ಫಿಗರ್ (ಅದು ತಾನೇ ಸೇರಿಸುವ ನಾಯ್ಸ್‌ನ ಅಳತೆ) 2.5 ಡಿಬಿ, ಫೀಡರ್ (ಮೇಲೆ ಹೋಗುವ ಕೇಬಲ್) ಲಾಸ್ 3 ಡಿಬಿ. ಮೇಲೆ 12 ಡಿಬಿ ಗೇನ್, 1.5 ಡಿಬಿ ನಾಯ್ಸ್ ಫಿಗರ್‌ನ ಟಿಎಂಎ ಹಾಕಿದ್ದೇವೆ. 1800 ಕೂಡ ಇದೇ ಫೀಡರ್‌ನಲ್ಲಿದೆ, ಟಿಎಂಎ ಒಳಗೆ ಅದಕ್ಕೆ ಬೈಪಾಸ್. ಮೊದಲು ಖಾಲಿ ಹೊತ್ತಲ್ಲಿ ಎ, ಬಿ ಎರಡೂ ಬ್ರಾಂಚ್‌ನಲ್ಲಿ (ರಿಸೀವ್ ದಾರಿ) ಆರ್‌ಎಸ್‌ಎಸ್‌ಐ −105 ಡಿಬಿಎಂ ಇತ್ತು. ಈಗ ಎ −96.5. ಬಿ −91, ಅದೂ ನಿಲ್ಲೋದಿಲ್ಲ, ಕುಣೀತಾ ಇದೆ. ಎರಡೂ ಎಲ್‌ಎನ್‌ಎ ಬದಲಿಸಬೇಕಾ?

ಡಿಬಿ_ಲೆಕ್ಕ:
ಎ ಬ್ರಾಂಚ್ ಮುಟ್ಟಬೇಡಿ, ಅದು ಸರಿಯಾಗೇ ಇದೆ. ಟಿಎಂಎ ಇಲ್ಲದಾಗ ಆಂಟೆನಾ ಕಡೆಯಿಂದ ನಾಯ್ಸ್ ಫಿಗರ್ 3 + 2.5 = 5.5 ಡಿಬಿ. ಈಗ ಫೀಡರ್ ಮತ್ತು ರೇಡಿಯೋದ ಪಾಲು 12 ಡಿಬಿಯಷ್ಟು ಕುಗ್ಗಿ, ಒಟ್ಟು ಸುಮಾರು 2 ಡಿಬಿ. 5 ಮೆಗಾಹರ್ಟ್ಸ್ ಕ್ಯಾರಿಯರ್ ನಿಜಕ್ಕೂ ಬಳಸುವ 4.5 ಮೆಗಾಹರ್ಟ್ಸ್‌ಗೆ ಥರ್ಮಲ್ ನಾಯ್ಸ್ −107.5; ಅದಕ್ಕೆ 2, ಜೊತೆಗೆ 12 − 3 = 9 ಡಿಬಿ ಗೇನ್ ಕೂಡಿಸಿ: −96.5. ನಿಮ್ಮ ರೀಡಿಂಗ್ ಅದೇ. ಫ್ಲೋರ್ (ಖಾಲಿ ಹೊತ್ತಿನ ನಾಯ್ಸ್ ಮಟ್ಟ) 8.5 ಏರಿತು, ಸಿಗ್ನಲ್ 12 ಏರಿತು, ಲಾಭ 3.5 ಡಿಬಿ.

ಕಾನ್ಫಿಗರೇಶನ್‌ನಲ್ಲಿ ಟಿಎಂಎ ಗೇನ್ 12, ಫೀಡರ್ ಲಾಸ್ 3 ಹಾಕಿಲ್ಲ ಅನ್ಸುತ್ತೆ. ಹಾಕದಿದ್ದರೆ ಸಿಗ್ನಲ್ ಬಲವಾಗಿದೆ ಅಂದುಕೊಂಡು ರೇಡಿಯೋ ಫೋನ್‌ಗಳ ಪವರ್ ಇಳಿಸುತ್ತೆ, ಗಳಿಸಿದ್ದೆಲ್ಲ ನೀರುಪಾಲು.

ಟವರ್_ನಟ್ಟು:
ಬಿ ಬೇರೆ ಕಥೆ. ಎಲ್‌ಎನ್‌ಎ ಸತ್ತು ಬೈಪಾಸ್‌ಗೆ ಹೋದರೆ ಫ್ಲೋರ್ ಇಳಿಯುತ್ತೆ, ಏರಲ್ಲ. 800ರ ಡೌನ್‌ಲಿಂಕ್ (ಟವರ್‌ನಿಂದ ಫೋನ್‌ಗೆ ಹೋಗೋದು, 889ರವರೆಗೆ) ಪಕ್ಕದಿಂದ ಹೊಡೀತಿದೆ ಅನ್ನೋಣ ಅಂದ್ರೆ ಎ, ಬಿ ಎರಡೂ ಒಂದೇ ಆಂಟೆನಾ ಪ್ಯಾನೆಲ್‌ನ ಕ್ರಾಸ್‌ಪೋಲ್ (ಒಂದಕ್ಕೊಂದು ಅಡ್ಡಲಾಗಿರುವ ಎರಡು ಪೋಲರೈಸೇಶನ್). ಎ ಕೂಡ ಏರಬೇಕಿತ್ತು. ನನ್ನ ಅನುಮಾನ ಪಿಐಎಂ (ಕೆಟ್ಟ ಜೋಡಣೆಯಲ್ಲಿ ಡೌನ್‌ಲಿಂಕ್ ಸಿಗ್ನಲ್‌ಗಳು ಬೆರೆತು ಹುಟ್ಟುವ ಬೇಡದ ಸಿಗ್ನಲ್) ಮೇಲೆ: 1800ರ ಡೌನ್‌ಲಿಂಕ್ 1845, 900ರದ್ದು 945 ಅಂದುಕೊಂಡರೆ 1845 − 945 = 900, ನೇರ ನಿಮ್ಮ ಅಪ್‌ಲಿಂಕ್ (ಫೋನ್‌ನಿಂದ ಟವರ್‌ಗೆ ಬರೋದು) ಒಳಗೆ.

ರಾತ್ರಿ 900, 1800 ಎರಡಕ್ಕೂ ಡಮ್ಮಿ ಡೌನ್‌ಲಿಂಕ್ ಲೋಡ್ ಕೊಟ್ಟು ನೋಡಿ. ಲೋಡ್ ಜೊತೆ ಫ್ಲೋರ್ ಏರಿದರೆ ಪಿಐಎಂ. ಆಮೇಲೆ ಟ್ರಾನ್ಸ್‌ಮಿಟರ್ ಲಾಕ್ ಮಾಡಿ, ಟಿಎಂಎ ಡಿಸಿ (ಅದಕ್ಕೆ ಹೋಗುವ ವಿದ್ಯುತ್) ಆಫ್ ಮಾಡಿ, ಟಿಎಂಎಯ ಆಂಟೆನಾ ಪೋರ್ಟ್‌ಗಳಲ್ಲಿ ಜಂಪರ್ (ಆಂಟೆನಾಗೆ ಹೋಗುವ ಚಿಕ್ಕ ಕೇಬಲ್) ಅದಲುಬದಲು ಮಾಡಿ. ಡಿಸಿ ಇದ್ದಾಗ ಕನೆಕ್ಟರ್ ಬಿಚ್ಚಿದರೆ ಕಿಡಿ ಹಾರಿ ಪಿನ್ ಸುಡುತ್ತೆ.

ಫೀಡರ್_ತುದಿ:
ಗೇನ್ ಹಾಕಿದ ಮೇಲೆ ಎ −105.5. ಬಿ ಲೋಡ್ ಜೊತೆ 5 ಡಿಬಿ ಏರಿತು. ಜಂಪರ್ ಬದಲಿಸಿದಾಗ ತೊಂದರೆ ಎ ಕಡೆಗೆ ಹೋಯ್ತು.

ಟವರ್_ನಟ್ಟು:
ಹಾಗಾದ್ರೆ ಟಿಎಂಎ ನಿರಪರಾಧಿ. ಮೊದಲು ಆ ಜಂಪರ್ ಬದಲಿಸಿ. ಆಮೇಲೂ ಇದ್ದರೆ ಆಂಟೆನಾ ಪೋರ್ಟ್. ಕನೆಕ್ಟರ್ ಒಳಗೆ ಲೋಹದ ಚೂರು, ಕಪ್ಪು ಪುಡಿ ಇದೆಯಾ ನೋಡಿ, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಚ್ಚಿದ ನಾರು ಬಿಡದ ಬಟ್ಟೆಯಲ್ಲಿ ಒರೆಸಿ, ತಂತಿ ಬ್ರಷ್ ಬೇಡ. ಕನೆಕ್ಟರ್ 7/16 ಡಿನ್ ಬಗೆಯದಾದರೆ ಟಾರ್ಕ್ ರೆಂಚ್‌ನಲ್ಲೇ 25ರಿಂದ 30 ನ್ಯೂಟನ್ ಮೀಟರ್, ಕೈಬಿಗಿತ ಸಾಲದು. ಟೇಪ್‌ನ ಕೊನೆ ಪದರ ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದ ಹಾಗೆ, ನೀರು ಜಾರಿಹೋಗಲಿ.