ಅಪ್‌ಡೇಟ್: ಕಾರವಾರದ ಮನೆ, ಎದುರುಬದುರು ಬಾಗಿಲು, ಫೆಂಗ್ ಶೂಯಿ

ಮುಂಬಾಗಿಲು, ಹಿಂಬಾಗಿಲು ಒಂದೇ ಸಾಲಿನಲ್ಲಿವೆ, ‘ಚೀ’ (ಚೀನೀ ವಾಸ್ತುಪದ್ಧತಿಯಾದ ಫೆಂಗ್ ಶೂಯಿ ಹೇಳುವ ಜೀವಶಕ್ತಿ) ನಿಲ್ಲದೆ ಹೊರಟುಹೋಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಕೊನೆಗೆ ಕೈಹಿಡಿದದ್ದು ತಟ್ಟಿಯ ಸಲಹೆ. ಬಾಗಿಲಿಂದ 5 ಅಡಿ ಒಳಗೆ 6 ಅಡಿ ಎತ್ತರದ ಬಿದಿರು ತಟ್ಟಿ, ಎರಡೂ ಬದಿ ಓಡಾಡಲು 3 ಅಡಿ ಜಾಗ. ಕಡಲಗಾಳಿ ಈಗ ನೇರ ನುಗ್ಗದೆ ಕೋಣೆ ಸುತ್ತಿ ಹೋಗುತ್ತದೆ. ಬಾಗಿಲೆದುರು ಕನ್ನಡಿ ಬೇಡವೇ ಬೇಡ, ಒಳಬಂದ ಚೀಯನ್ನು ಅದು ವಾಪಸ್ ತಳ್ಳುತ್ತದೆ. ಕಬ್ಬಿಣದ ಗಾಳಿಗಂಟೆಯೂ ಆಗಲಿಲ್ಲ, ಉಪ್ಪುಗಾಳಿಗೆ ತುಕ್ಕು ಹಿಡಿಯಿತು.

ಅಚ್ಚರಿಯೆಂದರೆ, ಸಾಂಪ್ರದಾಯಿಕ ಬಾಗುವಾ ನಕ್ಷೆಯಲ್ಲಿ (ಫೆಂಗ್ ಶೂಯಿಯ ಎಂಟು ದಿಕ್ಕುಗಳ ನಕ್ಷೆ) ದಕ್ಷಿಣವೇ ಮೇಲೆ! ಉತ್ತರ ಮೇಲೆಂದು ಓದಿ ಆಗ್ನೇಯದಲ್ಲಿಡಬೇಕಿದ್ದ ಗಿಡವನ್ನು ವಾಯವ್ಯದಲ್ಲಿಟ್ಟಿದ್ದೆ. ಫೆಂಗ್ ಶೂಯಿಯ ಪಂಚತತ್ವಗಳ ಲೆಕ್ಕದಲ್ಲಿ ಗಿಡ ಮರಕ್ಕೆ ಸೇರಿದ್ದು, ವಾಯವ್ಯ ಲೋಹದ ದಿಕ್ಕು, ಲೋಹ ಮರವನ್ನು ಕಡಿಯುತ್ತದೆ. ವಾಸ್ತುವಿನಲ್ಲಿ ಆಗ್ನೇಯ ಬೆಂಕಿಯದು, ಫೆಂಗ್ ಶೂಯಿಯಲ್ಲಿ ಮರದ್ದು, ಹಾಗಾಗಿ ಎರಡನ್ನೂ ಬೆರೆಸಬೇಡಿ. ಗಿಡ ಈಗ ಆಗ್ನೇಯದ ಕಿಟಕಿ ಬಳಿ ಇದೆ.